ಮೂರೂಕಾಲು ಅಂಗುಲದ ಟ್ಯಾಂಕಿಗೆ ಎಷ್ಟು ಅಂಕ?

ಆಟಿಕೆಗಳನ್ನು ಪರೀಕ್ಷಿಸಿ ಅಂಕ ಕೊಡುವುದೂ ಒಂದು ವಿದ್ಯೆಯೇ ಎಂದು ವಾಚಕರು ಮುಗುಳ್ನಗಬಹುದು. ಕಾಪಿಬರಹಕ್ಕೆ, ಭೂಪಟಕ್ಕೆ, ಜೇಡಿಮಣ್ಣಿನ ಹಣ್ಣುಗಳಿಗೆ ಅಂಕ ಹಾಕುತ್ತ ಮೂವತ್ತು ವರ್ಷ ಕಳೆದಿರುವ ನಮಗೆ, ಪ್ಲಾಸ್ಟಿಕ್ಕಿನ ಯುದ್ಧಟ್ಯಾಂಕುಗಳಿಗೆ ಅಂಕ ಹಾಕುವ ಪ್ರಸಂಗ ಕಳೆದ ವರ್ಷ ಒದಗಿ ಬಂದಿತು. ನಮ್ಮಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಐದು ಪೆಟ್ಟಿಗೆಗಳನ್ನು ತಂದುಕೊಟ್ಟರು. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಪ್ರತಿಕೃತಿ ಮಾಡುವ ಪೆಟ್ಟಿಗೆಗಳವು. ನಾಲ್ಕರಲ್ಲಿ ಎರಡನೆಯ ಮಹಾಯುದ್ಧದ ಸೋವಿಯತ್ ಟಿ-34, ಒಂದರಲ್ಲಿ ಅದಕ್ಕಿಂತ ಭಾರವಾದ ಕೆವಿ-1. ಎಂಟನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಟಿ-34ಗಳನ್ನು ಜೋಡಿಸಿ ವಾರ್ಷಿಕ ಪ್ರದರ್ಶನಕ್ಕೆ ಇಡಬೇಕು. ಚಿತ್ರಕಲಾ ಮಾಸ್ತರು, ವಿಜ್ಞಾನದ ಅಧ್ಯಾಪಕಿ ಮತ್ತು ನಾವು, ಮೂವರು ತೀರ್ಪುಗಾರರು ಎಂದು ನಿಶ್ಚಯವಾಯಿತು.

ಮೊದಲು ಪ್ರಮಾಣದ ಮಾತು. ಪೆಟ್ಟಿಗೆಯ ಮೇಲೆ 1:72 ಎಂದಿತ್ತು. ಆರು ಅಡಿ ಎತ್ತರದ ಮನುಷ್ಯ ಒಂದು ಅಂಗುಲವಾಗುವ ಪ್ರಮಾಣ ಇದು. ನಮ್ಮ ಪೆನ್ನಾಗರಂ ಸೀಮೆಯ ಮಕ್ಕಳಿಗೆ ಇದನ್ನು ತಿಳಿಸಲು ಮೆಟ್ಟೂರು ಅಣೆಕಟ್ಟು ಸಾಕು. ಅಣೆ ತುಂಬಿದರೆ ನೀರಿನ ಮಟ್ಟ 120 ಅಡಿ ಎಂಬುದು ನಮ್ಮ ಕಡೆ ಹಾಲು ಕರೆಯುವವರಿಗೂ ಗೊತ್ತು. 120 ಅಡಿಯನ್ನು 72ರಿಂದ ಭಾಗಿಸಿದರೆ 20 ಅಂಗುಲ. ಒಂದು ಮೊಳಕ್ಕೆ ಸ್ವಲ್ಪ ಹೆಚ್ಚು! ಮಕ್ಕಳು ನಕ್ಕರು, ಆದರೆ ಲೆಕ್ಕ ಮರೆಯಲಿಲ್ಲ. ಎಲ್ಲ ಪ್ರಮಾಣಗಳೂ ಇಷ್ಟು ಸರಳವಾದ ಲೆಕ್ಕದಿಂದ ಹುಟ್ಟಿದವಲ್ಲ. ಜಪಾನಿನ ತಮಿಯಾ ಸಂಸ್ಥೆ ಜರ್ಮನರ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ ಅದರ ಒಡಲಿನಲ್ಲಿ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಿತ್ತಂತೆ. ಹಿಡಿಸಿದ ಗಾತ್ರ 1:35 ಆಯಿತು. ಇಂದು ಜಗತ್ತಿನ ಬಹುಪಾಲು ದೊಡ್ಡ ಟ್ಯಾಂಕು ಮಾದರಿಗಳಿಗೆ ಅದೇ ಅಳತೆ. ಬ್ಯಾಟರಿ ಶಾಸ್ತ್ರವಾದ ಕಥೆ ಇದು.

ನಿಜವಾದ ಟಿ-34ರ ಒಡಲಿನ ಉದ್ದ 5.92 ಮೀಟರು, ಅಗಲ 3 ಮೀಟರು. 72ರಿಂದ ಭಾಗಿಸಿದರೆ 82 ಮಿ.ಮೀ., ಎಂದರೆ ಮೂರೂಕಾಲು ಅಂಗುಲ, ಮತ್ತು ಸುಮಾರು 42 ಮಿ.ಮೀ. ಕಂಪಾಸು ಪೆಟ್ಟಿಗೆಯ ಡಿವೈಡರೂ ಅಳತೆಪಟ್ಟಿಯೂ ಇದ್ದರೆ ಪರೀಕ್ಷೆ ಮುಗಿಯಿತು. ಅಗಲ 39 ಅಥವಾ 40 ಬಂದರೆ ಅದು 1:76ರ ಮಾದರಿ ಎಂದು ಶಂಕಿಸಬೇಕು. ಮುಂದಿನ ಹಲಗೆಗೆ ಕೋನಮಾಪಕ ಹಿಡಿದು ನೋಡಬೇಕು: ನೆಲದೊಡನೆ 30 ಡಿಗ್ರಿ. 45 ಮಿ.ಮೀ. ದಪ್ಪದ ಉಕ್ಕು ಹಾಗೆ ಓರೆಯಾಗಿ ಮಲಗಿದ್ದರಿಂದ, ನೇರವಾಗಿ ಬರುವ ಗುಂಡು 90 ಮಿ.ಮೀ. ಉಕ್ಕನ್ನು ದಾಟಬೇಕಾಗುತ್ತಿತ್ತು, ಓರೆ ಹೊಡೆತ ಜಾರಿ ಹೋಗುವುದೂ ಉಂಟು. ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಇದನ್ನು ರೂಪಿಸಿದ ಮಿಖಾಯಿಲ್ ಕೋಷ್ಕಿನ್ 1940ರ ಮಾರ್ಚಿಯ ಹಿಮದಲ್ಲಿ ಎರಡು ಟ್ಯಾಂಕುಗಳೊಡನೆ ಖಾರ್ಕೊವ್‌ನಿಂದ ಮಾಸ್ಕೊವರೆಗೆ ಹೋದರು. ಅದರಿಂದ ಹಿಡಿದ ಶ್ವಾಸಕೋಶದ ಬೇನೆಯಿಂದ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ತಮ್ಮ ಟ್ಯಾಂಕು ಯುದ್ಧ ಮಾಡಿದ್ದನ್ನು ಅವರು ಕಾಣಲಿಲ್ಲ.

ಅಳತೆಯಲ್ಲಿ ನಾಲ್ಕು ಜೊತೆಗಳೂ ಸಮನಾಗಿದ್ದವು. ಅದು ಅಚ್ಚು ಮಾಡಿದವನ ಪುಣ್ಯ. ಸರಪಳಿಯಲ್ಲಿ ಭೇದ ಕಂಡಿತು. ಟಿ-34ರಲ್ಲಿ ಸರಪಳಿಯನ್ನು ಮೇಲೆ ಹೊರುವ ಚಿಕ್ಕ ಉರುಳೆಗಳಿಲ್ಲ. ಮರಳುವ ಸರಪಳಿ ತನ್ನ ಭಾರಕ್ಕೆ ಜೋತು, ಐದು ದೊಡ್ಡ ಗಾಲಿಗಳ ನೆತ್ತಿಯ ಮೇಲೆ ಕೂರಬೇಕು. ಪೆಟ್ಟಿಗೆಯಲ್ಲಿದ್ದದ್ದು ರಬ್ಬರಿನಂಥ ಪಟ್ಟಿ. ಅದು ಹೊಸ ಮಂಚದ ನವಾರಿನಂತೆ ಬಿಗಿಯಾಗಿ ನಿಲ್ಲುತ್ತದೆ. ಒಂದು ಜೊತೆಯ ಹುಡುಗರು ಸೂಜಿದಾರದಿಂದ ಅದನ್ನು ಗಾಲಿಗಳಿಗೆ ಒತ್ತಿ ಕಟ್ಟಿದ್ದರು. ನಾವು ಅಲ್ಲೇ ಎರಡು ಅಂಕ ಬರೆದೆವು.

ವಾಗ್ವಾದ ಎದ್ದದ್ದು ಅಚ್ಚುಕಟ್ಟಿನ ವಿಷಯದಲ್ಲಿ. ಒಂದು ಮಾದರಿ ಕನ್ನಡಿಯಂತಿತ್ತು: ಸೀಳು ಕಾಣದ ಅಂಟು, ಉಜ್ಜಿ ನುಣುಪಾದ ಗೋಪುರ, ಹೊಳೆಯುವ ಹಸಿರು. ಚಿತ್ರಕಲಾ ಮಾಸ್ತರು ಮೊದಲ ಬಹುಮಾನ ಅದಕ್ಕೇ ಎಂದರು. ಪಕ್ಕದ ಮಾದರಿಯ ಗೋಪುರ ಸಿಡುಬು ಬಂದ ಮುಖದಂತಿತ್ತು. ಜೋಡಿಸಿದ ಹುಡುಗಿಯನ್ನು ಕೇಳಿದೆವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಟನ್ನು ಚುಚ್ಚಿ ಚುಚ್ಚಿ ಹಾಗೆ ಮಾಡಿದಳಂತೆ.

“ಯಾಕಮ್ಮ?” ಎಂದೆವು.

“ಫೋಟೋದಲ್ಲಿ ನೋಡಿದೆ ಸಾರ್. ನಮ್ಮ ಬಾವಿ ಪಂಪು ಹೆಂಗಿದೆಯೋ ಹಂಗೇ ಇತ್ತು. ಎರಕ ಹೊಯ್ದಿದ್ದು ನುಣ್ಣಗೆ ಇರುತ್ತಾ ಸಾರ್?”

ಇರುವುದಿಲ್ಲ. ಈ ಪೆಟ್ಟಿಗೆಯ ಗೋಪುರ ಆರು ಮೂಲೆಯದು. ರಷ್ಯನ್ ಭಾಷೆಯಲ್ಲಿ ಅದಕ್ಕೆ ‘ಗೈಕಾ’, ಅಂದರೆ ನಟ್ಟು, ಎಂಬ ಅಡ್ಡಹೆಸರಿದೆ. ಮರಳಿನ ಅಚ್ಚಿಗೆ ಉಕ್ಕು ಹೊಯ್ದು, ಉಜ್ಜಲು ಪುರುಸೊತ್ತಿಲ್ಲದೆ ರಣರಂಗಕ್ಕೆ ಕಳುಹಿಸಿದ್ದು. 1941ರಲ್ಲಿ ಜರ್ಮನ್ ಸೈನ್ಯ ಸಮೀಪಿಸಿದಾಗ ಖಾರ್ಕೊವ್‌ನ ಕಾರ್ಖಾನೆಯನ್ನು ಬಿಚ್ಚಿ ರೈಲಿಗೆ ಹಾಕಿ ಉರಲ್ ಪರ್ವತದಾಚೆಯ ನಿಝ್ನಿ ತಗೀಲ್‌ಗೆ ಸಾಗಿಸಿ, ಅಲ್ಲಿ ಮತ್ತೆ ನಿಲ್ಲಿಸಿ ದುಡಿದವರಿಗೆ ಹೊಳಪಿನ ಯೋಚನೆ ಎಲ್ಲಿಯದು? ಸ್ವೆರ್ದ್‌ಲೋವ್‌ಸ್ಕ್‌ನ ಉರಲ್‌ಮಾಷ್ ಕಾರ್ಖಾನೆ ದೊಡ್ಡ ಒತ್ತುಯಂತ್ರದಿಂದ ನುಣುಪಾದ ಗೋಪುರಗಳನ್ನೂ ಮಾಡಿತು ಎಂಬುದನ್ನು ಮಾಸ್ತರ ಪರವಾಗಿ ಹೇಳಲೇಬೇಕು. ಆದರೆ ಅವುಗಳ ಅಂಚು ದುಂಡು, ನಟ್ಟಿನಂತಲ್ಲ. ಈ ಗೋಪುರಕ್ಕೆ ನುಣುಪು ಸಲ್ಲದು. “ಹಾಗಾದರೆ ಮಕ್ಕಳಿಗೆ ಶುಚಿತ್ವ ಕಲಿಸುವುದು ಹೇಗೆ?” ಎಂದು ಮಾಸ್ತರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಶುಚಿತ್ವ ಅಂಟಿಸುವ ಕೈಯಲ್ಲಿರಲಿ, ವಸ್ತುವಿನ ಮೇಲೆ ಇಲ್ಲದ ಶುಚಿತ್ವವನ್ನು ಹೇರುವುದು ಬೇಡ ಎಂದು ನಾವು ವಾದಿಸಿದೆವು. ಅವರು ಒಪ್ಪಲಿಲ್ಲ. ವಿಜ್ಞಾನದ ಅಧ್ಯಾಪಕಿ ನಮ್ಮ ಕಡೆ ಬಂದರು.

ನಮ್ಮ ಪೂರ್ವಿಕರಿಗೆ ಈ ತೊಡಕಿರಲಿಲ್ಲವೆನ್ನಬೇಕು. ಧರ್ಮಪುರಿಯ ವಸ್ತುಸಂಗ್ರಹಾಲಯದ ವೀರಗಲ್ಲುಗಳನ್ನು ನೋಡಿ: ವೀರ ದೊಡ್ಡವನು, ಅವನು ಉಳಿಸಿದ ತುರು ಅಂಗೈಯಗಲ. ಗೌರವವೇ ಅಲ್ಲಿ ಪ್ರಮಾಣ.

ಮೂರನೆಯ ಮಾದರಿ ನಮ್ಮನ್ನು ನಿಜವಾಗಿ ಇಕ್ಕಟ್ಟಿಗೆ ಸಿಲುಕಿಸಿತು. ಅದರ ಒಂದು ಬದಿಯ ನಾಲ್ಕು ಗಾಲಿಗಳಿಗೆ ರಬ್ಬರಿನ ಅಂಚು, ಐದನೆಯದು ಪೂರ್ತಿ ಉಕ್ಕಿನದು. ಯುದ್ಧದಲ್ಲಿ ರಬ್ಬರಿಗೆ ಅಭಾವ ಬಂದಾಗ ಸ್ತಾಲಿನ್‌ಗ್ರಾದ್ ಟ್ರಾಕ್ಟರ್ ಕಾರ್ಖಾನೆ ಮೊದಲಾದವು ಹೊರ ಅಂಚಿಗೆ ರಬ್ಬರಿಲ್ಲದ ಉಕ್ಕಿನ ಗಾಲಿಗಳನ್ನು ಹಾಕಿದವು. ರಿಪೇರಿಯಲ್ಲಿ ಸಿಕ್ಕಿದ್ದನ್ನು ಸಿಕ್ಕಿದಲ್ಲಿ ಜೋಡಿಸಿದ ಟ್ಯಾಂಕುಗಳೂ ಇದ್ದವು. ಆದ್ದರಿಂದ ಬೆರಕೆ ಗಾಲಿ ತಪ್ಪಲ್ಲ. ತಿಳಿದವನ ಕೈಯಲ್ಲಿ ಅದು ಪಾಂಡಿತ್ಯ. ಹುಡುಗನನ್ನು ವಿಚಾರಿಸಿದರೆ, “ಒಂದು ಕಳೆದುಹೋಯ್ತು ಸಾರ್, ಇನ್ನೊಂದು ಪೆಟ್ಟಿಗೇಲಿ ಮಿಕ್ಕಿದ್ದ ಹಾಕ್ದೆ” ಎಂದ. ಸತ್ಯ ಹೇಳಿದ. ಆಕಸ್ಮಿಕವಾಗಿ ಸರಿಯಾದ ಉತ್ತರಕ್ಕೆ ಅಂಕ ಉಂಟೆ? ಗಣಿತದಲ್ಲಿ ಕ್ರಮವಿಲ್ಲದ ಉತ್ತರಕ್ಕೆ ನಾವು ಪೂರ್ಣಾಂಕ ಕೊಟ್ಟವರಲ್ಲ. ಗಾಲಿಗೆ ಅಂಕ ಕೊಡಲೂ ಇಲ್ಲ, ಕಳೆಯಲೂ ಇಲ್ಲ. ಆದರೆ ಯುದ್ಧಕಾಲದ ರಿಪೇರಿಯವರು ಮಾಡಿದ್ದೂ ಅವನು ಮಾಡಿದ್ದನ್ನೇ ಅಲ್ಲವೆ ಎಂಬ ಯೋಚನೆ ಆ ರಾತ್ರಿ ನಮ್ಮನ್ನು ಬಿಡಲಿಲ್ಲ. ಬೆಳಿಗ್ಗೆ ಹೋಗಿ ಒಂದು ಅಂಕ ಸೇರಿಸಿದೆವು.

ಪ್ರದರ್ಶನದ ದಿನ ಊರಿನವರೆಲ್ಲ ಬಂದರು. ಅವರಲ್ಲಿ ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು, 1971ರ ಯುದ್ಧಕಾಲದಲ್ಲಿ ಟಿ-55 ನಡೆಸಿದವರು. ಟಿ-55 ಎಂದರೆ ಟಿ-34ರ ವಂಶದ ಕುಡಿ. ಅವರು ಬಗ್ಗಿ ನೋಡಿ, “ನಮ್ಮದರಲ್ಲಿ ಮೊದಲನೇ ಗಾಲಿಗೂ ಎರಡನೇದಕ್ಕೂ ನಡುವೆ ಕಂಡಿ ಇತ್ತು” ಎಂದರು. ಅದು ಸರಿಯೇ. ಆಮೇಲೆ ಬಣ್ಣವನ್ನಾಗಲಿ ಗೋಪುರವನ್ನಾಗಲಿ ನೋಡಲಿಲ್ಲ. ಬಾಗಿಲುಗಳನ್ನು ಬೆರಳಿನಿಂದ ಎಣಿಸಿದರು.

“ಒಳಗೆ ಎಷ್ಟು ಜನ ಮೇಷ್ಟ್ರೇ?”

“ನಾಲ್ಕು ಜನ. ಗೋಪುರದಲ್ಲಿ ಇಬ್ಬರು, ಕೆಳಗೆ ಇಬ್ಬರು. 1944ರಲ್ಲಿ ದೊಡ್ಡ ಗೋಪುರದ ಟಿ-34-85 ಬಂದ ಮೇಲೆ ಐವರು.”

“ಕೆಳಗೆ ಮುಂದುಗಡೆ ಬಾಗಿಲು ಒಂದೇ ಇದೆಯಲ್ಲ. ಇನ್ನೊಬ್ಬ?”

ಚಾಲಕನ ಪಕ್ಕದ ರೇಡಿಯೊ ನಿರ್ವಾಹಕನಿಗೆ ಒಡಲಿನ ಮೇಲುಭಾಗದಲ್ಲಿ ಬೇರೆ ಬಾಗಿಲಿರಲಿಲ್ಲ. ಒಡಲಿನ ತಳದಲ್ಲಿ ಒಂದು ಕಿಂಡಿ, ಇಲ್ಲವೆ ಚಾಲಕ ಹೊರಬಿದ್ದ ಮೇಲೆ ಅವನ ಬಾಗಿಲು. ಇದನ್ನು ಹೇಳಿದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಲ್ಕರಲ್ಲೂ ಬಾಗಿಲು ಅಂಟಿಸಿಬಿಟ್ಟಿದ್ದೀರಿ” ಎಂದರು. ದೂರಿನ ಧ್ವನಿಯಲ್ಲ. ನಮ್ಮ ಅಂಕಪಟ್ಟಿಯಲ್ಲಿ ಅಳತೆಗೆ 10, ರೂಪಕ್ಕೆ 10, ಅಚ್ಚುಕಟ್ಟಿಗೆ 5 ಎಂದಿತ್ತು. ಬಾಗಿಲಿಗೆ ಅಂಕಣವಿರಲಿಲ್ಲ.

ಬಹುಮಾನ ಸಿಡುಬಿನ ಗೋಪುರಕ್ಕೇ ಸಂದಿತು, 25ಕ್ಕೆ 21. ಹೊಳೆಯುವ ಟ್ಯಾಂಕಿಗೆ ಎರಡನೆಯದು. ಚಿತ್ರಕಲಾ ಮಾಸ್ತರು ಅದಕ್ಕೆ ತಮ್ಮ ಕೈಯಿಂದ ಬಣ್ಣದ ಪೆಟ್ಟಿಗೆಯೊಂದನ್ನು ಕೊಟ್ಟು ನ್ಯಾಯ ಸರಿದೂಗಿಸಿದರು. ಮರುವಾರ ಆ ಹುಡುಗಿ ಬ್ಲೇಡಿನಿಂದ ಚಾಲಕನ ಬಾಗಿಲನ್ನು ನಾಜೂಕಾಗಿ ಕತ್ತರಿಸಿ, ಅರ್ಧ ತೆರೆದಂತೆ ಮತ್ತೆ ಅಂಟಿಸಿಕೊಂಡು ಬಂದಳು. ಒಳಗೆ ಏನೂ ಕಾಣುವುದಿಲ್ಲ, ಕತ್ತಲು. ಕೆವಿ-1ರ ಪೆಟ್ಟಿಗೆ ಇನ್ನೂ ನಮ್ಮ ಬೀರುವಿನಲ್ಲಿದೆ. ಅದರ ಬಾಗಿಲುಗಳನ್ನು ಅಂಟಿಸುವ ಮೊದಲು ತಮಗೊಂದು ಮಾತು ಹೇಳಿ ಕಳುಹಿಸಬೇಕೆಂದು ಹಿರಿಯರ ಅಪ್ಪಣೆಯಾಗಿದೆ.