ಆ ಡ್ರೈವ್ ಅಲ್ಲ, ಈ ಡ್ರೈವ್

ನಮ್ಮ ಮೂವರ ಲ್ಯಾಪ್‌ಟಾಪ್‌ಗಳಲ್ಲೂ ಸಿಡಿ ಹಾಕೋ ಜಾಗ ಇಲ್ಲ. ಅದೊಂದು ಕೊರತೆ ಅಂತ ಮೊದಲ ಸಲ ಅನ್ನಿಸಿದ್ದು, ದಸರಾ ರಜೆ ಮುಗಿಸಿ ಬಂದ ನಮ್ಮ ತಿಪಟೂರಿನವನು ಹಾಸ್ಟೆಲ್ ಮಂಚದ ಮೇಲೆ ಒಂದು ಸಿಡಿ ತಂದಿಟ್ಟಾಗ. ಮೇಲೆ ಮಾರ್ಕರ್‌ನಲ್ಲಿ "ಅಪ್ಪಾಜಿ ಬರಹ, 2004" ಅಂತ ಇತ್ತು.

ಬರೆದದ್ದು ಅವನ ತಾತ. ಮೇಷ್ಟ್ರಾಗಿ ರಿಟೈರ್ ಆದ ಮೇಲೆ ತಮ್ಮ ಊರಿನ ಬಗ್ಗೆ ನೋಟ್‌ಬುಕ್‌ಗಳಲ್ಲಿ ಹನ್ನೊಂದು ಅಧ್ಯಾಯ ಬರೆದಿದ್ದರಂತೆ. ಅವನ ಅಪ್ಪ ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದರು. ಹಗಲು ಮದುವೆ ಕಾರ್ಡು, ಎಲೆಕ್ಷನ್ ಕರಪತ್ರ. ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು ತಾತನ ನೋಟ್‌ಬುಕ್ ನುಡಿಯಲ್ಲಿ ಟೈಪ್ ಮಾಡೋದು. ನೋಟ್‌ಬುಕ್‌ಗಳಿಗೆ ಗೆದ್ದಲು ಹಿಡಿಯಿತು. ಕಂಪ್ಯೂಟರಿನ ಹಾರ್ಡ್‌ಡಿಸ್ಕ್ 2006ರಲ್ಲಿ ಕೆಟ್ಟು ಬೇರೆ ಹಾಕಿಸಿದರು. 2011ರಲ್ಲಿ ತಾತ ಹೋದರು. ಉಳಿದಿದ್ದು ಈ ಸಿಡಿ ಒಂದೇ.

ಒಬ್ಬ ಸೀನಿಯರ್ ಹತ್ತಿರ ಯುಎಸ್‌ಬಿ ಡಿವಿಡಿ ಡ್ರೈವ್ ಬೇಡಿ ತಂದು ಹಾಕಿದ್ವಿ. ಗರ್ರ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಡಿಸ್ಕೇ ಇಲ್ಲ ಅಂದಿತು. ಆಗ ನಮ್ಮಲ್ಲೊಬ್ಬರು (ಯಾರು ಅಂತ ಬರೆಯಲ್ಲ, "ನಾವು" ಅಂತಲೇ ಇರಲಿ) ಸಿಡಿ ತೆಗೆದು, ತಟ್ಟೆ ಒರೆಸೋ ಹಾಗೆ, ಟೀ ಶರ್ಟ್‌ನಲ್ಲಿ ಗುಂಡಗೆ ಉಜ್ಜಿದ್ವಿ. ಚೆನ್ನಾಗಿ ಉಜ್ಜಿದ್ವಿ.

ಸಿಡಿಯನ್ನ ಗುಂಡಗೆ ಒರೆಸಬಾರದು. ಇದು ನಾವು ಆಮೇಲೆ ಓದಿದ್ದು. ಡೇಟಾ ಇರೋದು ಒಳಗಿನಿಂದ ಹೊರಕ್ಕೆ ಸುತ್ತಿಕೊಂಡ ಒಂದೇ ಒಂದು ಉದ್ದ ದಾರಿಯಲ್ಲಿ. ಅದರ ಮೇಲೆ 780 ನ್ಯಾನೋಮೀಟರ್ ಲೇಸರ್ ಓಡುತ್ತೆ. ಅಡ್ಡಕ್ಕೆ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲೂ ಚೂರು ಚೂರು ಮಾತ್ರ ಹೋಗುತ್ತೆ, ಅದನ್ನ ರೀಡ್-ಸೊಲೊಮನ್ ಕೋಡ್ ಸರಿಮಾಡಿಕೊಳ್ಳುತ್ತೆ. ರೀಡ್ ಮತ್ತು ಸೊಲೊಮನ್ ಅನ್ನೋ ಇಬ್ಬರು 1960ರಲ್ಲಿ ಬರೆದ ಪೇಪರ್ ಅದು, ಸಿಡಿ ಅನ್ನೋದೇ ಇಲ್ಲದ ಕಾಲ. ಸಿಡಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ದಾರಿ ಪೂರ್ತಿ ಹಾಳಾದರೂ ಈ ಲೆಕ್ಕ ತುಂಬಿಕೊಡುತ್ತೆ. ಆದರೆ ಗೀರು ದಾರಿಯ ಉದ್ದಕ್ಕೇ ಬಿದ್ದರೆ ಅದು ಎರಡೂವರೆ ಮಿಲಿಮೀಟರ್‌ಗೆ ನಿಲ್ಲೋದಿಲ್ಲ. ಹಾಗಾಗಿ ಒರೆಸೋದಾದರೆ ಮಧ್ಯದಿಂದ ಅಂಚಿಗೆ, ನೇರವಾಗಿ. ನಾವು ಮಾಡಿದ್ದು ಸರಿಯಾಗಿ ಇದಕ್ಕೆ ಉಲ್ಟಾ.

ಫೋನಲ್ಲಿ ಅವನ ಅಪ್ಪ, "ಅದನ್ನ ರೈಟ್ ಮಾಡಿದ ಡ್ರೈವ್ ಅಟ್ಟದ ಮೇಲೇ ಇದೆ, ಅದರಲ್ಲೇ ಒಂದ್ಸಲ ಹಾಕಿ ನೋಡ್ರಪ್ಪ" ಅಂದರು. ಇದು ಮೂಢನಂಬಿಕೆ ಏನಲ್ಲ. ಸುಟ್ಟ ಡ್ರೈವ್‌ಗೆ ತಾನೇ ಸುಟ್ಟ ಸಿಡಿ ಓದೋದು ಎಷ್ಟೋ ಸಲ ಸುಲಭ. ಶನಿವಾರ ರೈಲು ಹತ್ತಿದ್ವಿ.

ತಿಪಟೂರು ಕಡೆ ಅಟ್ಟ ಅಂದರೆ ಗೊತ್ತಲ್ಲ, ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಮಲಗಿ ಕೊಬ್ಬರಿ ಆಗೋ ಜಾಗ. ಅದರ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕಂಪ್ಯೂಟರ್ ಕೂತಿತ್ತು. ಪೆಂಟಿಯಂ 3, ವಿಂಡೋಸ್ 98, ಮುಖದ ಮೇಲೆ 52 ಎಕ್ಸ್ ಅಂತ ಬರೆದ ಸಿಡಿ ರೈಟರ್. ಒಂದು ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. ಮಾನಿಟರ್ ಇಳಿಸೋಕೆ ಮೂವರೂ ಬೇಕಾಯ್ತು.

ಕ್ಯಾಬಿನೆಟ್ ತೆಗೆದರೆ ಸಿಡಿ ಡ್ರೈವಿನ ಅಗಲ ಪಟ್ಟಿ ಕೇಬಲ್ ಇಲಿ ಕಡಿದಿತ್ತು. ಹಾರ್ಡ್‌ಡಿಸ್ಕ್‌ನ ಕೇಬಲ್ ಚೆನ್ನಾಗಿತ್ತು, ಅದರಲ್ಲಿ ಇನ್ನೊಂದು ಕನೆಕ್ಟರ್ ಖಾಲಿ. ಎರಡನ್ನೂ ಅದಕ್ಕೇ ಚುಚ್ಚಿ ಸ್ವಿಚ್ ಹಾಕಿದ್ವಿ. ಬ್ಯಾಟರಿ ಸತ್ತಿದೆ, ಎಫ್1 ಒತ್ತಿ ಅಂತ ಬಂತು, ಒತ್ತಿದ್ವಿ. ವಿಂಡೋಸ್ ಮೋಡದ ಚಿತ್ರ ತೋರಿಸಿ ಅಲ್ಲೇ ನಿಂತುಬಿಟ್ಟಿತು. ಅಂಕಲ್ ಒಂದು ಡಬ್ಬಿಯಿಂದ ವಿಂಡೋಸ್ 98ರ ಸ್ಟಾರ್ಟಪ್ ಫ್ಲಾಪಿ ತೆಗೆದುಕೊಟ್ಟರು. ಫ್ಲಾಪಿಯನ್ನ ನಾವು ಸೇವ್ ಬಟನ್ ಮೇಲೆ ಮಾತ್ರ ನೋಡಿದ್ದು. ಅದು ಇನ್ನೂ ಕೆಲಸ ಮಾಡ್ತಿತ್ತು!

ಅದರಲ್ಲಿ "ಸಿಡಿ-ರಾಮ್ ಸಪೋರ್ಟ್ ಜೊತೆ ಶುರುಮಾಡು" ಅಂತ ಒಂದು ಆಯ್ಕೆ ಇರುತ್ತೆ. ಡಾಸ್‌ಗೆ ಸಿಡಿ ಅಂದರೆ ಏನೂ ಅಂತಲೇ ಗೊತ್ತಿಲ್ಲ, ಎರಡು ಹಂತದಲ್ಲಿ ಹೇಳಿಕೊಡಬೇಕು. ಮೊದಲು ಕಾನ್ಫಿಗ್.ಸಿಸ್ ಫೈಲು ಡ್ರೈವ್ ಜೊತೆ ಮಾತಾಡೋ ಡ್ರೈವರ್ ಲೋಡ್ ಮಾಡಿ ಅದಕ್ಕೆ ಎಂಎಸ್‌ಸಿಡಿ001 ಅಂತ ಹೆಸರಿಡುತ್ತೆ. ಆಮೇಲೆ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಎಂಎಸ್‌ಸಿಡೆಕ್ಸ್ ಅನ್ನೋ ಪ್ರೋಗ್ರಾಮ್ ಆ ಹೆಸರು ಹಿಡಿದು ಹುಡುಕಿ, ಒಂದು ಡ್ರೈವ್ ಅಕ್ಷರ ಕೊಡುತ್ತೆ. ಎರಡೂ ಕಡೆ ಹೆಸರು ಒಂದೇ ಇರಬೇಕು. ನಮಗೆ ಬಂದ ಉತ್ತರ: ಎಂಎಸ್‌ಸಿಡಿ001 ಸಿಗಲಿಲ್ಲ.

ಹೆಸರು ಸರಿ ಇದೆ, ಫೈಲು ಸರಿ ಇದೆ. ಒಂದು ಗಂಟೆ ಸಾಫ್ಟ್‌ವೇರ್ ಬೈದ್ವಿ. ತಪ್ಪು ಇದ್ದಿದ್ದು ಡ್ರೈವಿನ ಬೆನ್ನ ಮೇಲಿನ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಜಂಪರ್‌ನಲ್ಲಿ. ಒಂದು ಕೇಬಲ್‌ಗೆ ಒಬ್ಬ ಮಾಸ್ಟರ್, ಒಬ್ಬ ಸ್ಲೇವ್. ಮೊದಲು ಬೇರೆ ಬೇರೆ ಕೇಬಲ್‌ನಲ್ಲಿ ಇದ್ದಿದ್ದರಿಂದ ಹಾರ್ಡ್‌ಡಿಸ್ಕೂ ಮಾಸ್ಟರ್, ಸಿಡಿ ಡ್ರೈವೂ ಮಾಸ್ಟರ್. ಈಗ ನಾವು ಇಬ್ಬರನ್ನೂ ಒಂದೇ ಮನೆಗೆ ತಂದಿದ್ವಿ. ಹುಬ್ಬು ಕೀಳೋ ಚಿಮಟದಲ್ಲಿ ಜಂಪರ್ ಕಿತ್ತು ಸ್ಲೇವ್ ಜಾಗಕ್ಕೆ ಹಾಕಿದ ಮೇಲೆ ಡ್ರೈವ್ ಸಿಕ್ಕಿತು.

ಡಿ: ಅಂತ ಹೊಡೆದು ಡಿಐಆರ್ ಕೊಟ್ಟರೆ ಫೈಲುಗಳು ಬಂದವು. ಕೂಗಾಡಿದ್ವಿ. ಅಂಕಲ್ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಇದ್ಯಾವುದೂ ನಂದಲ್ಲ" ಅಂದರು. ಫಾರ್ಮ್ಯಾಟ್, ಸ್ಕ್ಯಾನ್‌ಡಿಸ್ಕ್, ಎಡಿಟ್... ಆ ಫ್ಲಾಪಿ ತನ್ನ ಟೂಲ್‌ಗಳನ್ನ ಇಡೋಕೆ ಮೆಮೊರಿಯಲ್ಲೇ ಒಂದು ಸುಳ್ಳು ಡ್ರೈವ್ ಮಾಡಿ ಡಿ ಅಕ್ಷರ ತಾನೇ ತಗೊಳ್ಳುತ್ತೆ. ಸಿಡಿ ಒಂದು ಅಕ್ಷರ ಮುಂದಕ್ಕೆ ಹೋಗುತ್ತೆ. "ಆ ಡ್ರೈವ್ ಅಲ್ಲ ಮಗಾ, ಇ ಡ್ರೈವ್!"

ಟ್ರೇ ಹೊರಗೆ ಬರಲಿಲ್ಲ. ಯು ಪಿನ್ ನೇರ ಮಾಡಿ ಮುಂದಿನ ಸಣ್ಣ ತೂತಿಗೆ ಚುಚ್ಚಿ ತೆಗೆದ್ವಿ. ಸಿಡಿ ಹಾಕಿ ಇ: ಕೊಟ್ಟಾಗ ಅಪ್ಪಾಜಿ01ರಿಂದ ಅಪ್ಪಾಜಿ11ರ ತನಕ ಹನ್ನೊಂದು ಹೆಸರು. ಈ ಸಲ ಯಾರೂ ಕೂಗಲಿಲ್ಲ. ಅಂಕಲ್ ಎದ್ದು ನೀರು ಕುಡಿಯೋಕೆ ಅಂತ ಒಳಗೆ ಹೋದವರು ಸುಮಾರು ಹೊತ್ತು ಬರಲಿಲ್ಲ.

ಒಂದೊಂದೇ ಸಿ ಡ್ರೈವ್‌ಗೆ ಕಾಪಿ ಮಾಡಿದ್ವಿ. ಏಳು ಸಲೀಸಾಗಿ ಬಂದವು. ಎಂಟನೆಯದು "ಅಬಾರ್ಟ್, ರಿಟ್ರೈ, ಫೇಲ್?" ಅಂತ ಕೇಳಿತು. ಆರ್ ಒತ್ತಿ ಒತ್ತಿ ಬೆರಳು ನೋವು ಬಂತು. ಹತ್ತನೆಯದೂ ಬರಲಿಲ್ಲ. ಸಿಡಿ ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಗುಂಡಗೆ ಸಣ್ಣ ಸಣ್ಣ ಗೀರುಗಳು. ಯಾವುದು ಹಳೆಯದು, ಯಾವುದು ನಮ್ಮದು ಅಂತ ಹೇಗೆ ಹೇಳೋದು? ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಅಂಕಲ್‌ಗೆ ಹೇಳಲಿಲ್ಲ.

ಹಾರ್ಡ್‌ಡಿಸ್ಕ್ ಬಿಚ್ಚಿ ಬೆಂಗಳೂರಿಗೆ ತಂದ್ವಿ. ಎಸ್‌ಪಿ ರೋಡ್‌ನಲ್ಲಿ ಐಡಿಇ-ಯುಎಸ್‌ಬಿ ಕನ್ವರ್ಟರ್ ಕೇಳಿದಾಗ ಅಂಗಡಿಯವರು, "ಹಾರ್ಡ್‌ಡಿಸ್ಕ್‌ಗೋ ಸಿಡಿ ಡ್ರೈವ್‌ಗೋ? ಎರಡಕ್ಕೂ ನಡೆಯುತ್ತೆ" ಅಂದರು. ಅಂದರೆ ಆ ಡ್ರೈವನ್ನೇ ಕಿತ್ತು ತಂದಿದ್ದರೆ ನೇರ ಲ್ಯಾಪ್‌ಟಾಪ್‌ಗೇ ಹಾಕಬಹುದಿತ್ತು. ಜಂಪರ್, ಫ್ಲಾಪಿ, ಡಾಸ್ ಯಾವುದೂ ಬೇಕಿರಲಿಲ್ಲ. ಎರಡನೇ ವರ್ಷದ ಇಂಜಿನಿಯರ್‌ಗಳು ನಾವು.

ಮುಂದಿನ ವಾರ ಡ್ರೈವ್ ಬಸ್ಸಲ್ಲಿ ಬಂತು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಓಡಿಸಿದ್ವಿ. ಇದರ ಬುದ್ಧಿ ನಮಗೆ ಇಷ್ಟವಾಯ್ತು. ಕೆಟ್ಟ ಜಾಗದಲ್ಲಿ ಹಟ ಹಿಡಿದು ಕೂರಲ್ಲ, ಮೊದಲು ಸುಲಭವಾಗಿ ಸಿಗೋದನ್ನೆಲ್ಲ ಎತ್ತಿಟ್ಟುಕೊಂಡು, ಸಿಗದ್ದರ ನಕ್ಷೆ ಬರೆದಿಟ್ಟು, ಆಮೇಲೆ ಅವುಗಳ ಹತ್ತಿರ ಮತ್ತೆ ಮತ್ತೆ ಹೋಗುತ್ತೆ. ರಾತ್ರಿಯಿಡೀ ಬಿಟ್ಟಿದ್ವಿ. ಬೆಳಿಗ್ಗೆ ಹತ್ತನೇ ಅಧ್ಯಾಯ ಪೂರ್ತಿ ಬಂದಿತ್ತು. ಎಂಟರಲ್ಲಿ ಮೂರು ಸೆಕ್ಟರ್ ಹೋಗಿತ್ತು. ಸೆಕ್ಟರ್‌ಗೆ 2048 ಬೈಟ್, ಒಟ್ಟು 6144. ನುಡಿಯ ಫಾಂಟ್‌ನಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ಬೈಟ್ ಹಿಡಿಯುತ್ತೆ, ಅಂದರೆ ಹೆಚ್ಚುಕಡಿಮೆ ಎರಡು ಪುಟ.

ಫೈಲ್ ತೆರೆದರೆ ಕನ್ನಡ ಇರಲಿಲ್ಲ. ಇಂಗ್ಲಿಷ್ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಇರೋ ಎ. ಹಳೇ ನುಡಿಯಲ್ಲಿ ಅದೇ "ಕ". ಕನ್ವರ್ಟರ್‌ಗೆ ಹಾಕಿದ ಮೇಲೆ, ಅರ್ಕಾವತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿದ್ದು ಬಿಟ್ಟರೆ, ಎಲ್ಲ ಸರಿಹೋಯ್ತು. ಇಂಗ್ಲಿಷ್ ಮೀಡಿಯಂನವರಾದ ನಾವು ಬೆರಳಿಟ್ಟುಕೊಂಡು ಓದಿದ್ವಿ. ಎಂಟನೇ ಅಧ್ಯಾಯ ಊರಿನ ಬಾವಿ ತೋಡಿಸಿದ ಕಥೆ. ಕಲ್ಲು ಸಿಕ್ಕಿತು, ಆಳುಗಳು ಆಗಲ್ಲ ಅಂದರು, ಅಲ್ಲಿಂದ ಖಾಲಿ. ಮತ್ತೆ ಶುರುವಾಗೋ ಹೊತ್ತಿಗೆ ಹೆಂಗಸರು ಬಾವಿಗೆ ಪೂಜೆ ಮಾಡ್ತಿದ್ದಾರೆ. ನೀರು ಬಂದಿದ್ದು ಹೇಗೆ ಅಂತಲೇ ಇಲ್ಲ.

ಭಾನುವಾರ ಸ್ಪೀಕರ್ ಹಾಕಿ ಅಂಕಲ್‌ಗೆ ಫೋನ್ ಮಾಡಿ ಟೀ ಶರ್ಟ್ ವಿಷಯ ಹೇಳಿಬಿಟ್ವಿ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ನಾನೂ ಹಂಗೇ ಒರೆಸ್ತಿದ್ದೆ ಕಣ್ರಪ್ಪ, ಪಂಚೇಲಿ" ಅಂದರು. ಆಮೇಲೆ, "ಬಾವಿ ವಿಷಯ ತಾನೆ? ಅದನ್ನ ಟೈಪ್ ಮಾಡಿದ್ದು ನಾನಲ್ವಾ. ಹೇಳ್ತೀನಿ, ಬರ್ಕೊಳ್ಳಿ."

ಹೇಳೋಕೆ ಶುರುಮಾಡಿದರು. ಎರಡನೇ ವಾಕ್ಯಕ್ಕೇ ನಾವು ಹಿಂದೆ ಬಿದ್ದ್ವಿ.

"ಅಂಕಲ್, ಸ್ವಲ್ಪ ನಿಧಾನ. ಒತ್ತಕ್ಷರ ಎಲ್ಲಿದೆ ಅಂತ ಹುಡುಕ್ತಿದ್ದೀವಿ."