ಚಿತ್ರಪಟದ ಚೆಲುವೆ

ಸತ್ತವಳನ್ನು ಪ್ರೀತಿಸುವುದುಂಟೆ? 1944ರಲ್ಲಿ ತೆರೆಕಂಡ, ಆಟೊ ಪ್ರೆಮಿಂಜರ್ ನಿರ್ದೇಶನದ ‘ಲಾರಾ’ ಚಿತ್ರದ ಪತ್ತೇದಾರ ಮ್ಯಾಕ್‌ಫರ್ಸನ್ನನಿಗೆ ಒದಗುವ ಸಂಕಟವೇ ಇದು. ನ್ಯೂಯಾರ್ಕಿನ ಸುಂದರಿಯೊಬ್ಬಳ ಕೊಲೆಯ ರಹಸ್ಯವನ್ನು ಬಿಡಿಸಲು ಬಂದವನು ಅವಳ ಪತ್ರಗಳನ್ನೋದಿ, ಗೋಡೆಯ ಮೇಲಿನ ಅವಳ ಚಿತ್ರಪಟವನ್ನು ನೋಡಿ ನೋಡಿ, ಅವಳಿಗೇ ಮನಸೋಲುತ್ತಾನೆ. ಒಂದು ರಾತ್ರಿ ಆ ಪಟದ ಕೆಳಗೆ ಕುರ್ಚಿಯಲ್ಲೇ ನಿದ್ದೆಹೋಗಿದ್ದಾಗ ಲಾರಾ ಜೀವಂತವಾಗಿ ಒಳಬರುತ್ತಾಳೆ!

ಚಿತ್ರದ ಪ್ರಾಣವೆಲ್ಲ ಆ ಗಳಿಗೆಯಲ್ಲಿದೆ. ಜೋಸೆಫ್ ಲಾಷೆಲ್ ಅವರ ನೆರಳು-ಬೆಳಕಿನ ಛಾಯಾಗ್ರಹಣಕ್ಕೆ ಆಸ್ಕರ್ ಪ್ರಶಸ್ತಿ ದೊರೆತುದು ಉಚಿತವೇ. ಡೇವಿಡ್ ರಾಕ್ಸಿನ್ನರ ರಾಗ ಕಾಣದ ನಾಯಿಕೆಯ ಸುಳಿವಿನಂತೆ ಮನೆತುಂಬ ಸುಳಿದಾಡುತ್ತದೆ. ಅಂಕಣಕಾರ ಲೈಡೆಕರನಾಗಿ ಕ್ಲಿಫ್ಟನ್ ವೆಬ್ಬರ ನಾಲಗೆಯಂತೂ ಅಲಗಿನಷ್ಟು ಹರಿತ.

ಕುಂದುಗಳೂ ಇಲ್ಲದಿಲ್ಲ. ಪಟದ ಲಾರಾಳಷ್ಟು ನಿಗೂಢಳಲ್ಲ, ಎದುರು ನಿಂತ ಲಾರಾ. ಪ್ರೇಮ ಅಷ್ಟು ಬೇಗ ಫಲಿಸುವುದೂ, ಗಡಿಯಾರದೊಳಗೆ ಬಂದೂಕು ಅಡಗಿರುವುದೂ ಇಂದಿನ ಪ್ರೇಕ್ಷಕನಿಗೆ ಹಳೆಯ ತಂತ್ರವೆನಿಸೀತು.

ನಿಜವಾದ ಲೋಪ ಬೇರೆಯೇ ಇದೆ. ಲಾರಾ ಬದುಕಿದ್ದರೆ ಸತ್ತವಳು ಯಾರು? ಡಯೇನ್ ರೆಡ್‌ಫರ್ನ್ ಎಂಬ ರೂಪದರ್ಶಿ. ಕೊಲೆಗಾರ ಲಾರಾಳೆಂದು ಭ್ರಮಿಸಿ ಹಾರಿಸಿದ ಗುಂಡು ಗುರುತೂ ಉಳಿಯದಂತೆ ಅವಳ ಮುಖವನ್ನೇ ಅಳಿಸಿತ್ತು. ಲಾರಾ ಮರಳಿದ ಸಂಭ್ರಮದಲ್ಲಿ ಈ ಹೆಣ್ಣಿಗಾಗಿ ಒಬ್ಬರೂ ಕಣ್ಣೀರಿಡುವುದಿಲ್ಲ; ಅವಳ ಹೆಸರು ತನಿಖೆಯ ಒಂದು ಎಳೆಯಾಗಿ ಮಾತ್ರ ಉಳಿಯುತ್ತದೆ. ಪಟದಲ್ಲಿದ್ದವಳಿಗೆ ಪ್ರೇಮಿ ದೊರೆತ. ಪಟವಿಲ್ಲದವಳನ್ನು ನೆನೆಯುವ ಕೆಲಸ ಪ್ರೇಕ್ಷಕನ ಪಾಲಿಗೆ ಬಂದಿದೆ.