ಕೊನೆಯ ಹೊಲದ ನೀರು

ಪರಭಾಷೆಗಳಿಂದ ಕನ್ನಡಕ್ಕೆ ಬಂದು ನೆಲೆನಿಂತ ಶಬ್ದಗಳ ಪಟ್ಟಿಯನ್ನು ನಾವು ಕನ್ನಡ ಅಧ್ಯಾಪಕರು ತರಗತಿಯಲ್ಲಿ ಒಪ್ಪಿಸುವುದುಂಟು. ಪಾರಸಿಯಿಂದ ಬಂದ ಜಮೀನು, ಪೋರ್ಚುಗೀಸಿನಿಂದ ಬಂದ ಚಾವಿ, ಇಂಗ್ಲಿಷಿನಿಂದ ಬಂದ ರೈಲು ಇತ್ಯಾದಿ. ಆ ಪಟ್ಟಿಗೆ ಇನ್ನೂ ಸೇರದಿದ್ದರೂ, ಸಾಲಗುಂದದ ಕಟ್ಟೆಯ ಮೇಲೆ ಕುಳಿತ ಮುದುಕನ ಬಾಯಲ್ಲೂ ಲೀಲಾಜಾಲವಾಗಿ ಹೊರಳುವ ಶಬ್ದವೊಂದಿದೆ: 'ಸರ್ವರ್'. ಅದು ಒಂಟಿಯಾಗಿ ಬರುವುದು ಅಪರೂಪ. 'ಡೌನ್' ಎಂಬ ಸಹಧರ್ಮಿಣಿಯನ್ನು ಕೂಡಿಕೊಂಡೇ ಅದರ ಸಂಚಾರ.

ಸಾಲಗುಂದವು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆಯಿಂದ ಭತ್ತದ ಸೀಮೆಯೆಂದು ಹೆಸರಾದ ತಾಲೂಕು ಅದು. ಇಲ್ಲಿಯ ಒಕ್ಕಲಿಗೂ ದೂರದ ಯಂತ್ರಕ್ಕೂ ಮೊದಲ ಗಂಟು ಬಿದ್ದದ್ದು ಪಹಣಿಯಿಂದ. 2000ದ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿದವು. ಮೊದಮೊದಲು ತಾಲೂಕು ಕಛೇರಿಗೊಂದು ಯಂತ್ರವಿತ್ತು. ಕಾಲಕ್ರಮದಲ್ಲಿ ದಾಖಲೆಗಳೆಲ್ಲ ಒಂದೇ ಭಂಡಾರಕ್ಕೆ ಸಾಗಿದವು. ಇಂದು ಪಹಣಿಯೊಂದೇ ಅಲ್ಲ, ಪಡಿತರ, ಪಿಂಚಣಿ, ಪರೀಕ್ಷೆಯ ಅಂಕಪಟ್ಟಿ ಎಲ್ಲವೂ ಕಾಣದ ಊರಿನ ಕಾಣದ ಯಂತ್ರಗಳಿಂದ ಹರಿದುಬರುತ್ತವೆ.

ಕೆಲವು ವರ್ಷಗಳ ಕೆಳಗೆ ಒಂದು ಕಛೇರಿಯ ಕಿಟಕಿಯ ಮುಂದೆ ನಾನೂ ಸರದಿಯಲ್ಲಿ ನಿಂತಿದ್ದೆ. ಯಾವ ಕಛೇರಿ ಎಂಬುದು ಬೇಡ. ನನ್ನ ಮುಂದೆ ಹೆಗಲಮೇಲೆ ಟವೆಲ್ಲು ಹೊದ್ದ ವೃದ್ಧರೊಬ್ಬರಿದ್ದರು. ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಆದಾಯದ ಪ್ರಮಾಣಪತ್ರ ಬೇಕಾಗಿತ್ತು. ಅರ್ಜಿಗೆ ಅಂದೇ ಕೊನೆಯ ದಿನ.

"ಸರ್ವರ್ ಡೌನ್ ಐತಿ ಯಜಮಾನ್ರ, ನಾಳಿ ಬರ್ರಿ" ಎಂದಿತು ಕಿಟಕಿ.

ವೃದ್ಧರು ಸಿಟ್ಟಾಗಲಿಲ್ಲ. ಅರೆಗಳಿಗೆ ಯೋಚಿಸಿ, "ಅಲ್ರೀ ಸಾಹೇಬ್ರ, ಕಾಲುವಿಗೆ ಇದ್ದಂಗ ಇದಕ್ಕೂ ಟೇಲೆಂಡ್ ಐತೇನ್ರಿ? ಅಲ್ಲಿನೂ ನಾವ ಕೊನಿಗೆ?" ಎಂದು ಕೇಳಿದರು. ಸರದಿಯಲ್ಲಿದ್ದವರು ನಕ್ಕರು. ಮರುದಿನ ಪ್ರಮಾಣಪತ್ರ ಸಿಕ್ಕಿತು. ಅಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿತ್ತು.

ಆ ಪ್ರಶ್ನೆಯನ್ನು ನಾನು ನಮ್ಮ ಅಕ್ಕನ ಮಗನ ಮುಂದಿಟ್ಟೆ. ಅವನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ರಾತ್ರಿಪಾಳಿ ಮಾಡಿ ಸರ್ವರುಗಳನ್ನು ಕಾಯುವವನು. "ನೀ ಕಾಯೋ ಯಂತ್ರ ಎಲ್ಲೈತಪ್ಪ?" ಎಂದು ಅವನ ತಾಯಿ ಕೇಳಿದಾಗಲೆಲ್ಲ ಅವನು ನಗುತ್ತಾನೆ. ಏಕೆಂದರೆ ಅವನು ಕಾಯುವ ಯಂತ್ರಗಳಿಗೆ ಮೈಯೇ ಇಲ್ಲ. ಅವಕ್ಕೆ ವರ್ಚುವಲ್ ಯಂತ್ರಗಳೆಂದು ಹೆಸರು; ಮಾಯಾಯಂತ್ರಗಳೆನ್ನಬಹುದು. ಮಾಯೆಯೆಂದೊಡನೆ ನನಗೆ ಶಂಕರರೂ ಅಲ್ಲಮನೂ ನೆನಪಾದರು. ಅವನು ಮಾತ್ರ ನೇರವಾಗಿ ಕಾಲುವೆಗೇ ಬಂದ.

"ಮಾವ, ಮದ್ಲ ಒಂದೊಂದು ಕೆಲಸಕ್ಕ ಒಂದೊಂದು ಯಂತ್ರ ಇಡ್ತಿದ್ರು. ಹೊಲಕ್ಕೊಂದು ಬಾವಿ ತೋಡಿದಂಗ. ಬಾಳ ಹೊತ್ತು ಅವು ಸುಮ್ನ ನಿಂತಿರ್ತಿದ್ವು. ಈಗ ದೊಡ್ಡದೊಂದು ಯಂತ್ರ, ಅದರೊಳಗ ಹತ್ತಾರು ಮಾಯಾಯಂತ್ರ. ಪ್ರತಿಯೊಂದಕ್ಕೂ ತಾನೊಬ್ಬನ ಇದ್ದೀನಂತ ಭ್ರಮಿ."

ಈ ಭ್ರಮೆಯನ್ನು ಕಾಪಾಡಿಕೊಂಡು ಯಾರಿಗೆ ಎಷ್ಟೆಂದು ಹಂಚುವ ತಂತ್ರಾಂಶವೇ ಹೈಪರ್‌ವೈಸರ್. ಹಳೆಯ ಕೆರೆಗಳ ತೂಬನ್ನು ಕಾಯುತ್ತಿದ್ದ ನೀರುಗಂಟಿಯ ಹುದ್ದೆ ಅದರದು. ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1960ರ ದಶಕದಲ್ಲಿ ಅಮೆರಿಕೆಯ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ಹುಟ್ಟಿ, 1972ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಎಂಬ ಸಂಸ್ಥೆ ಅದನ್ನು ಸಾಮಾನ್ಯ ಸರ್ವರುಗಳಿಗೂ ತಂದಿತು. ಆ ಸಂಸ್ಥೆಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡು, ಒಮ್ಮೆ ಹಣ ಕೊಟ್ಟರೆ ಸದಾಕಾಲಕ್ಕೂ ಬಳಸಬಹುದಾಗಿದ್ದ ಪರವಾನಗಿಯ ಮಾರಾಟ ನಿಲ್ಲಿಸಿ, ಅವಧಿಯ ಲೆಕ್ಕದ ಚಂದಾವನ್ನು ಗೊತ್ತುಮಾಡಿದಾಗ, ನೀರುಗಂಟಿಯ ಸಂಬಳವೂ ಸಣ್ಣ ಮಾತಲ್ಲವೆಂಬುದು ಲೋಕಕ್ಕೆ ಮನವರಿಕೆಯಾಯಿತು.

ಆದರೆ ನಿಜವಾದ ತೊಡಕು ಸಂಬಳದಲ್ಲಿಲ್ಲ, ವಾಗ್ದಾನದಲ್ಲಿದೆ. ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ಣ ಪಾಲು ಕೇಳಲಾರರೆಂಬ ನಂಬಿಕೆಯಿಂದ ಇರುವುದಕ್ಕಿಂತ ಹೆಚ್ಚನ್ನು ಹಂಚಿಬಿಡುವುದು ಈ ವಿದ್ಯೆಯ ವಾಡಿಕೆ. ನೂರು ಸೇರಿನ ಕಣಜದ ಮೇಲೆ ನೂರೈವತ್ತು ಸೇರಿನ ಚೀಟಿ ಬರೆದಂತೆ. ಸಾಮಾನ್ಯ ದಿನಗಳಲ್ಲಿ ನಡೆದುಹೋಗುತ್ತದೆ. ಅರ್ಜಿಯ ಕೊನೆಯ ದಿನ, ಫಲಿತಾಂಶದ ದಿನ, ಎಲ್ಲರೂ ಒಟ್ಟಿಗೆ ಬಂದು ನಿಂತಾಗ ಗುಟ್ಟು ರಟ್ಟಾಗುತ್ತದೆ. ಪಕ್ಕದ ಮಾಯಾಯಂತ್ರವೊಂದು ಅತಿಯಾಗಿ ಎಳೆದುಕೊಂಡರೆ ತಪ್ಪೇ ಮಾಡದ ಮತ್ತೊಂದು ಬಾಯಾರುತ್ತದೆ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ 133 ಟಿಎಂಸಿ ಹಿಡಿಯುವ ಹೊಟ್ಟೆಯಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಮಿತನೀರಾವರಿಯ ಬೆಳೆಗಳಿಗೆಂದು ಯೋಜಿಸಿದ್ದ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಚೀಟಿ ಹೆಚ್ಚಿತು, ಕಣಜ ಕುಗ್ಗಿತು. ಬಿಸಿ ತಟ್ಟಿದ್ದು ಮಾನ್ವಿ, ರಾಯಚೂರಿನ ಕೊನೆಯ ಭಾಗದ ರೈತರಿಗೆ.

ಹಂಚುವವನಿಗೆ ಇನ್ನೊಂದು ಪೀಡೆ, ಮರೆತುಹೋದ ಯಂತ್ರಗಳದ್ದು. ಕ್ಷಣಮಾತ್ರದಲ್ಲಿ ಹುಟ್ಟಿಸಬಹುದಾದ್ದರಿಂದ ಮಾಯಾಯಂತ್ರಗಳು ಅಣಬೆಯಂತೆ ಏಳುತ್ತವೆ. ಹುಟ್ಟಿಸಿದವನು ಕೆಲಸ ಬಿಟ್ಟು ಹೋಗಿರುತ್ತಾನೆ. ಯಂತ್ರ ಮಾತ್ರ ತನ್ನ ಪಾಲನ್ನು ಉಣ್ಣುತ್ತಲೇ ಇರುತ್ತದೆ. ಆರಿಸಲು ಯಾರಿಗೂ ಧೈರ್ಯವಿಲ್ಲ, ಯಾರ ಅನ್ನ ಅದರ ಮೇಲಿದೆಯೋ ಎಂಬ ಅಂಜಿಕೆ. ಮೂರು ತಲೆಮಾರಿನ ಹಿಂದೆ ತೀರಿಕೊಂಡ ಮುತ್ತಜ್ಜನ ಹೆಸರು ಪೌತಿಯಾಗದೆ ಪಹಣಿಯಲ್ಲಿ ಉಳಿದಂತೆಯೇ ಇದು. ಜಾಣ ಆಡಳಿತಗಾರನು ಪ್ರತಿ ಯಂತ್ರಕ್ಕೂ ಒಬ್ಬ ವಾರಸುದಾರನನ್ನೂ ಒಂದು ಮುಕ್ತಾಯದ ತಾರೀಖನ್ನೂ ಹುಟ್ಟುವ ದಿನವೇ ಬರೆದಿಡುತ್ತಾನೆ.

ಎಲ್ಲವನ್ನೂ ಒಂದೆಡೆ ಕೂಡಿಟ್ಟ ಮೇಲೆ ಒಂದು ಕೊಂಡಿ ಕಳಚಿದರೂ ಅನಾಹುತ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತ ನೀರು ನದಿಗೆ ಹರಿಯುವುದನ್ನು ಕಂಡು ಈ ಸೀಮೆಯ ಮನೆಮನೆಯಲ್ಲಿ ಊಟ ಸೇರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಮೇಲೆಯೇ ಜನ ಉಸಿರುಬಿಟ್ಟದ್ದು. ದೊಡ್ಡ ಯಂತ್ರವೊಂದು ಕೆಟ್ಟರೂ ಅದರೊಳಗಿನ ಹತ್ತಾರು ಮಾಯಾಯಂತ್ರಗಳು ಒಮ್ಮೆಗೇ ಕಣ್ಣುಮುಚ್ಚುತ್ತವೆ. ಅದಕ್ಕಾಗಿ ಅವನ್ನು ಎಬ್ಬಿಸಲು ಮತ್ತೊಂದು ಯಂತ್ರದಲ್ಲಿ ಜಾಗ ಖಾಲಿ ಬಿಟ್ಟಿರಬೇಕು. ಆ ಖಾಲಿ ಜಾಗ ಲೆಕ್ಕಾಧಿಕಾರಿಯ ಕಣ್ಣಿಗೆ ದುಂದಾಗಿ ಕಾಣುತ್ತದೆ. ಅದಕ್ಕೂ ಇದಕ್ಕೂ ಸದಾ ಜಗಳ.

ಹಾಗಾದರೆ ವೃದ್ಧರ ಪ್ರಶ್ನೆಗೆ ಉತ್ತರವೇನು? ಯಂತ್ರಲೋಕದಲ್ಲೂ ಟೇಲೆಂಡ್ ಇದೆ; ಹೆಸರೂ ಅದೇ. ಬಂದ ಕೋರಿಕೆಗಳಲ್ಲಿ ಬಹುಪಾಲು ಕ್ಷಣದಲ್ಲಿ ಮುಗಿದು, ಕೆಲವು ಮಾತ್ರ ಹಿಂದೆ ಬಿದ್ದು ತೆವಳಿದರೆ ಆ ಕೆಲವನ್ನು ಬಲ್ಲವರು 'ಟೇಲ್', ಎಂದರೆ ಬಾಲ, ಎನ್ನುತ್ತಾರೆ. 2013ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ ಈ ಬಾಲದ ಮೇಲೆಯೇ ಹೆಸರಾಂತ ಲೇಖನವೊಂದನ್ನು ಬರೆದರು. ಸರಾಸರಿಯು ಮೋಸಗಾರ, ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಬೇಗ ಸಿಕ್ಕರೆ ಸರಾಸರಿ ಸೊಗಸಾಗಿಯೇ ಇರುತ್ತದೆ, ನೂರನೆಯವನ ಅರ್ಜಿಯ ಅವಧಿ ಮುಗಿದಿರುತ್ತದೆ.

ನಮ್ಮ ಹುಡುಗ ಈಗ ರಾತ್ರಿಪಾಳಿಗೆ ಕುಳಿತೊಡನೆ ಮೊದಲು ನೋಡುವುದು ಸರಾಸರಿಯನ್ನಲ್ಲವಂತೆ. ಎಲ್ಲಕ್ಕಿಂತ ತಡವಾಗಿ ಮುಗಿದ ಕೋರಿಕೆ ಯಾವುದು, ಅದು ಏಕೆ ತಡವಾಯಿತು ಎಂಬುದನ್ನು. "ಮಾವ, ತೂಬಿನ ಹತ್ರ ನಿಂತ್ರ ಯಾವಾಗ್ಲೂ ನೀರು ಚಲೋ ಬರಾಕತ್ತೈತಿ ಅಂತನ ಕಾಣ್ತದ. ಕೊನೀ ಹೊಲದ ತನಕ ನಡಕೊಂಡು ಹೋಗಿ ನೋಡಬೇಕು" ಎಂದ. ಕಾಲುವೆಯ ಅಧಿಕಾರಿಗೂ ಕಿಟಕಿಯ ಗುಮಾಸ್ತನಿಗೂ, ಮುಂದಿನ ಬೆಂಚನ್ನಷ್ಟೇ ನೋಡಿ ಪಾಠ ಮುಗಿಸುವ ನಮ್ಮಂಥ ಅಧ್ಯಾಪಕರಿಗೂ ಆ ನಡಿಗೆ ಒಳ್ಳೆಯದೇ.